ಅಜ್ಜಿಯ ಪ್ರಾರ್ಥನೆಯ ಪುಸ್ತಕ, ಮತ್ತು ನನ್ನದು

ನನಗೆ ಪ್ರಾರ್ಥಿಸಲು ಬರುತ್ತಿರಲಿಲ್ಲ. ಕ್ರೈಸ್ತ ಮನೆಯಲ್ಲಿ ಹುಟ್ಟಿ, ಭಾನುವಾರದ ಶಾಲೆಯಲ್ಲಿ ಬೆಳೆದು, ಯುವಜನರ ಕೂಟದ ಕಾರ್ಯದರ್ಶಿಯೂ ಆಗಿದ್ದವಳು ಇದನ್ನು ಹೇಳಿಕೊಳ್ಳುವುದು ಕಷ್ಟ. ಐವತ್ತು ಜನರ ಮುಂದೆ ನಿಂತು ಪ್ರಾರ್ಥಿಸಬಲ್ಲೆ. ಬಾಗಿಲು ಹಾಕಿಕೊಂಡು ಒಬ್ಬಳೇ ಕುಳಿತರೆ ಎರಡೇ ನಿಮಿಷಕ್ಕೆ ಮನಸ್ಸು ಎಲ್ಲೋ ಹೊರಟುಬಿಡುತ್ತಿತ್ತು. ನಮ್ಮ ಚರ್ಚಿನ ಸಭೆಯ ಹಿರಿಯ ಹೆಂಗಸೊಬ್ಬರಿಂದ ನಾನದನ್ನು ಕಲಿತೆ. ಈಗ ಅವರಿಗೆ 81. ನಾವೆಲ್ಲ ಅಜ್ಜಿ ಎಂದೇ ಕರೆಯುತ್ತೇವೆ.

ಅವರು ಪಾಠವೇನೂ ಮಾಡಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದಾಗ ಅವರ ಮನೆಯಲ್ಲಿ ಕೆಲವು ವಾರ ಬೆಳಗಿನ ಹೊತ್ತು ಜೊತೆಗಿರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಆಗ ಅವರ ಮೇಜನ್ನು ಹತ್ತಿರದಿಂದ ನೋಡಿದೆ. ಬೆನ್ನು ಬಿಟ್ಟುಹೋಗಿ ಬಟ್ಟೆಪಟ್ಟಿ ಅಂಟಿಸಿದ ಸತ್ಯವೇದ (ಬೈಬಲ್), ಒಂದು ಭೂತಗನ್ನಡಿ, ದಾರ ಕಟ್ಟಿದ ಸೀಸದಕಡ್ಡಿ, ತೆಳ್ಳನೆಯ ನೋಟುಪುಸ್ತಕ. ಅಷ್ಟೇ.

ಸತ್ಯವೇದದಲ್ಲಿರುವ ಕೀರ್ತನೆಗಳು, ಅಂದರೆ ಪ್ರಾರ್ಥನೆಯ ಹಾಡುಗಳು, ಒಟ್ಟು 150. ದಿನಕ್ಕೆ ಐದು ಓದಿದರೆ ತಿಂಗಳಿಗೆ ಮುಗಿಯುತ್ತವೆ. ಅಜ್ಜಿ ಹಾಗೆಯೇ ಓದುತ್ತಾರೆ. ಆದರೆ 24ನೆಯ ದಿನದ ಪಾಲಿಗೆ 119ನೆಯ ಕೀರ್ತನೆ ಬರುತ್ತದೆ, ಅದೊಂದರಲ್ಲೇ 176 ವಚನ. ಅವರು ಅದನ್ನು ಅಂದು ಬಿಟ್ಟು, 31 ದಿನಗಳಿರುವ ತಿಂಗಳ ಕೊನೆಯ ದಿನಕ್ಕೆ ಎತ್ತಿಡುತ್ತಾರೆ. "ಅವಸರದಲ್ಲಿ ಓದಿ ಮುಗಿಸುವ ಕೀರ್ತನೆ ಅಲ್ಲ ಅದು" ಎನ್ನುತ್ತಾರೆ.

ನೋಟುಪುಸ್ತಕದಲ್ಲಿ ಏಳು ಪುಟಗಳು, ವಾರದ ದಿನಕ್ಕೊಂದು. ಪ್ರತಿ ಪುಟದ ಎಡಕ್ಕೆ ಐದು ಹೆಸರು, ಕೇಳಿಕೊಂಡ ವಿಷಯ, ತಾರೀಖು. ಬಲಕ್ಕೆ ಖಾಲಿ ಜಾಗ. ಉತ್ತರ ಬಂದ ದಿನ ಅಲ್ಲಿ ತಾರೀಖು ಬೀಳುತ್ತದೆ. ಹುಡುಗರ ಪರೀಕ್ಷೆ, ಯಾರದೋ ಹೆರಿಗೆ, ಮುರಿದುಬಿದ್ದ ಮದುವೆಯ ಮಾತು, ಎಲ್ಲವೂ ಅಲ್ಲಿದ್ದವು. ಎದುರಿಗೆ ಸಿಕ್ಕ ಹುಡುಗನನ್ನು "ಮಂಗಳವಾರದ ಸಂದರ್ಶನ ಏನಾಯಿತು?" ಎಂದು ಅಜ್ಜಿ ಕೇಳುವಾಗ ನಾವು ಅದನ್ನು ಒಳ್ಳೆಯ ನೆನಪಿನ ಶಕ್ತಿ ಎಂದುಕೊಂಡಿದ್ದೆವು. ಪ್ರತಿ ಮಂಗಳವಾರ ಅವನ ಹೆಸರು ಹಿಡಿದು ದೇವರ ಮುಂದೆ ಕುಳಿತವರಿಗೆ ಅದು ಮರೆಯುವುದಾದರೂ ಹೇಗೆ?

ನಾನೂ ಶುರುಮಾಡಿದೆ. ದಪ್ಪ ಪುಸ್ತಕ ಕೊಂಡು ಒಂದೇ ಸಂಜೆ 64 ಹೆಸರು ಬರೆದೆ. ಹನ್ನೊಂದು ದಿನ ನಡೆಯಿತು. ಆಮೇಲೆ ಆ ಪುಸ್ತಕ ಕಂಡರೇ ಎದೆ ಭಾರವಾಗತೊಡಗಿತು. ಅಜ್ಜಿಗೆ ಹೇಳಿದಾಗ ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪುಸ್ತಕ ತರಿಸಿಕೊಂಡು, ಮೊದಲ ಐದು ಹೆಸರುಗಳ ಕೆಳಗೆ ಗೆರೆ ಎಳೆದರು. "ಈ ವರ್ಷಕ್ಕೆ ಇವರು ಸಾಕು. ಉಳಿದವರನ್ನು ದೇವರು ಬೇರೆಯವರಿಗೆ ಹಂಚಿರುತ್ತಾನೆ." ಆ ಐದು ಹೆಸರುಗಳನ್ನೇ ಹಿಡಿದು ಒಂದು ವರ್ಷ ನಡೆದೆ. ಐದನೆಯ ಹೆಸರು ನನ್ನ ಮನಸ್ಸಿಗೆ ಒಗ್ಗದ ಸಹೋದ್ಯೋಗಿಯದು. ಎರಡು ತಿಂಗಳಾಗುವಷ್ಟರಲ್ಲಿ ಅವರ ಬಗ್ಗೆ ಹಿಂದಿನಿಂದ ಆಡಿಕೊಳ್ಳುವುದು ನನ್ನಿಂದ ಆಗಲೇ ಇಲ್ಲ. ಬೆಳಿಗ್ಗೆ ಯಾರಿಗಾಗಿ ಕೈಜೋಡಿಸಿದ್ದೆನೋ ಅವರನ್ನು ಮಧ್ಯಾಹ್ನ ಹಳಿಯಲು ನಾಲಿಗೆ ಏಳುವುದಿಲ್ಲ.

ಅಜ್ಜಿ ತಪ್ಪು ಮಾಡದವರೇನಲ್ಲ. ಒಮ್ಮೆ ಆರಾಧನೆ ಮುಗಿದ ಮೇಲೆ, ತಡವಾಗಿ ಬಂದ ಹತ್ತೊಂಬತ್ತರ ಹುಡುಗಿಯೊಬ್ಬಳಿಗೆ ಎಲ್ಲರೆದುರು ಬಿರುಸಾಗಿ ಮಾತನಾಡಿಬಿಟ್ಟರು. ಅವಳು ರಾತ್ರಿಯಿಡೀ ತಾಯಿಯನ್ನು ಆಸ್ಪತ್ರೆಯಲ್ಲಿ ನೋಡಿಕೊಂಡು ಬಂದಿದ್ದಳು. ವಿಷಯ ತಿಳಿದ ಅಜ್ಜಿ ಮುಂದಿನ ಭಾನುವಾರ ಅದೇ ಬಾಗಿಲ ಬಳಿ, ಅಷ್ಟೇ ಜನರ ಎದುರು, ಊರುಗೋಲು ಹಿಡಿದು ನಿಂತು ಅವಳ ಕ್ಷಮೆ ಕೇಳಿದರು. "ನನಗೆ ಗೊತ್ತಿರಲಿಲ್ಲ" ಎಂಬ ನೆಪ ಸೇರಿಸಲಿಲ್ಲ. "ನಾನು ತಪ್ಪು ಮಾಡಿದೆ, ಮಗಳೇ" ಎಂದಷ್ಟೇ. ನಮ್ಮ ಕೂಟದ ಹುಡುಗ ಹುಡುಗಿಯರು ಈಗಲೂ ನೆನೆಸಿಕೊಳ್ಳುವುದು ಆ ಗಳಿಗೆಯನ್ನು. ಆರಾಧನೆಯಲ್ಲಿ ಕೇಳಿದ ಎಷ್ಟೋ ಉಪದೇಶಗಳು ನಮ್ಮ ನೆನಪಿನಿಂದ ಜಾರಿಹೋಗಿವೆ.

ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಬರುವ ಅನ್ನಳನ್ನು ಓದುವಾಗ ನನಗೆ ಅಜ್ಜಿ ಕಾಣುತ್ತಾರೆ. ಏಳೇ ವರ್ಷದ ಸಂಸಾರ, ಆಮೇಲೆ ದೀರ್ಘ ವೈಧವ್ಯ, ದೇವಾಲಯವನ್ನು ಬಿಟ್ಟುಹೋಗದ ಮುದುಕಿ. ಅದೇ ಅಧ್ಯಾಯದಲ್ಲಿ, ದೇವಾಲಯದಲ್ಲಿ ಮಗು ಯೇಸುವನ್ನು ಎತ್ತಿಕೊಂಡ ಸಿಮೆಯೋನನ ಮಾತುಗಳನ್ನು ಲೂಕ ಹಾಗೆಯೇ ಬರೆದಿಟ್ಟಿದ್ದಾನೆ. ಅನ್ನಳದು ಒಂದು ವಾಕ್ಯವೂ ಇಲ್ಲ. ಅವಳು ಉಪವಾಸದಿಂದಲೂ ಪ್ರಾರ್ಥನೆಯಿಂದಲೂ ರಾತ್ರಿಹಗಲು ಅಲ್ಲಿದ್ದಳು, ಮಗುವಿನ ವಿಷಯವಾಗಿ ಮಾತನಾಡಿದಳು ಎಂದಷ್ಟೇ ಇದೆ.

ಅಜ್ಜಿಯ ಪುಸ್ತಕದಲ್ಲಿ ಬಲಬದಿ ತುಂಬದ ಒಂದು ಹೆಸರಿದೆ. ಅವರ ತಮ್ಮನದು. ಮನೆಯವರೊಡನೆ ಮುನಿಸಿಕೊಂಡು ಹೋದವರು ಮತ್ತೆ ಮಾತನಾಡಿಲ್ಲ. ಪ್ರತಿ ವರ್ಷ ಹೊಸ ಪುಸ್ತಕ ತೆರೆದಾಗ ಅಜ್ಜಿ ಮೊದಲು ಬರೆಯುವುದು ಆ ಹೆಸರನ್ನೇ, ಪಕ್ಕದಲ್ಲಿ 1989 ಎಂಬ ಅದೇ ಹಳೆಯ ಇಸವಿ. "ಬೇಸರವಾಗುವುದಿಲ್ಲವೇ?" ಎಂದು ಕೇಳಿದ್ದೆ. "ಆಗುತ್ತದೆ. ಅದನ್ನೂ ಹೇಳುತ್ತೇನೆ" ಎಂದರು. ಉತ್ತರ ಸಿಗದ ಪ್ರಾರ್ಥನೆಯನ್ನು ದೇವರಿಂದ ಮುಚ್ಚಿಡಬೇಕೆಂದು ಅದುವರೆಗೆ ನಾನು ತಿಳಿದುಕೊಂಡಿದ್ದೆ.

ಈಗ ಭೂತಗನ್ನಡಿಯಿಂದಲೂ ಅವರಿಗೆ ಅಕ್ಷರ ಕಾಣುವುದಿಲ್ಲ. 31ನೆಯ ತಾರೀಖು ಬಂದಾಗ ನಾನು ಹೋಗಿ 119ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದುತ್ತೇನೆ. 22 ಭಾಗ, ಒಂದೊಂದರಲ್ಲಿ ಎಂಟೆಂಟು ವಚನ. ಅರ್ಧದಷ್ಟನ್ನು ಅವರೇ ನನಗಿಂತ ಮೊದಲು ಹೇಳಿಬಿಡುತ್ತಾರೆ. ಕೊನೆಯ ವಚನದಲ್ಲಿ ದಾರಿತಪ್ಪಿದ ಕುರಿಯ ಮಾತು ಬರುತ್ತದೆ. ಅಲ್ಲಿ ನಾನು ನಿಲ್ಲಿಸುತ್ತೇನೆ. ಅಜ್ಜಿ ತಮ್ಮನ ಹೆಸರನ್ನು ಹೇಳುತ್ತಾರೆ.