ಮೂತಿ ಹುಳುವಿನ ಮುಖ ಕೊನೆಗೂ ಸಿಕ್ಕಿತು

ಕೈಯಲ್ಲೇ ತಿರುಪು ತಿರುಗಿಸಿಕೊಂಡು ಹುಳುಗಳನ್ನು ನಾಲ್ಕು ಪಟ್ಟು ಹಿಗ್ಗಿಸಿ ಸ್ಟ್ಯಾಕಿಂಗ್ ಮಾಡುತ್ತೇನೆ, ಅಂದರೆ ಫೋಕಸ್ಸನ್ನು ಚೂರುಚೂರೇ ಸರಿಸುತ್ತ ತೆಗೆದ ಹತ್ತಾರು ಚಿತ್ರಗಳನ್ನು ಬೆಸೆದು ಪೂರ್ತಿ ಸ್ಪಷ್ಟವಾದ ಒಂದೇ ಚಿತ್ರ ಮಾಡುತ್ತೇನೆ ಎಂದಾಗ ಫೋಟೊ ತೆಗೆಯುವ ಜೊತೆಗಾರರು ನಕ್ಕಿದ್ದರು. ಕ್ಯಾಮೆರಾವನ್ನು ತಾನೇ ನವಿರಾಗಿ ಸರಿಸುವ ಮೋಟಾರು ರೈಲ್ ಇಲ್ಲದೆ ಅದು ಆಗುವ ಕೆಲಸವಲ್ಲ, ಎರಡು ಪಟ್ಟು ದಾಟಿದ ಮೇಲೆ ಕೈಯನ್ನು ನಂಬಬಾರದು ಎಂಬುದು ಅವರ ತೀರ್ಮಾನ. ನನಗೆ ಹದಿನಾಲ್ಕು ತಿಂಗಳು ಹಿಡಿಯಿತು, ನಿಜ. ಆದರೆ ಕಳೆದ ವಾರ ಅಕ್ಕಿಯ ಮೂತಿ ಹುಳುವಿನ ಚಿತ್ರವನ್ನು ಗೋಡೆಯ ಕ್ಯಾಲೆಂಡರಿನಷ್ಟು ದೊಡ್ಡದಾಗಿ ಮುದ್ರಿಸಿ ಅವರ ಮುಂದೆ ಹರಡಿದೆ. ಕುತ್ತಿಗೆಯ ಮೇಲಿನ ಗುಂಡು ಕುಳಿಗಳು, ಒಂದೊಂದು ಕುಳಿಯಿಂದಲೂ ಎದ್ದ ಮೋಟು ಹಳದಿ ಕೂದಲು, ಬೆನ್ನಿನ ನಾಲ್ಕು ಕೆಂಗಂದು ಮಚ್ಚೆ, ಎಲ್ಲವನ್ನೂ ಕೂತು ಎಣಿಸಬಹುದು. ಒಬ್ಬರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಹುಳು ಇದ್ದದ್ದು 3 ಮಿಲಿಮೀಟರು ಚಿಲ್ಲರೆ.

ದುಡ್ಡು ಹಾಳಾದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ಶುರುಮಾಡಿದ್ದು ಎಲ್ಲರಂತೆ ಹಳೆಯ 28 ಮಿ.ಮೀ. ಲೆನ್ಸನ್ನು ಹಿಂದುಮುಂದಾಗಿ ಸಿಕ್ಕಿಸಿ. ಎರಡು ಪಟ್ಟಿಗಿಂತ ತುಸು ಹೆಚ್ಚೇ ಸಿಗುತ್ತಿತ್ತು. ಕಾಳು ಕೊರೆಯುವ ದುಂಬಿಗೆ ಅದು ಸಾಕಾಗಿತ್ತು ಕೂಡ. ಆದರೆ ಒಮ್ಮೆಗೆ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು ಬೇಕೆಂಬ ದುರಾಸೆಗೆ ಲೆನ್ಸಿನ ಕಿಂಡಿಯನ್ನು ಎಫ್/16ಕ್ಕೆ ಮುಚ್ಚಿದೆ. ಎರಡು ಪಟ್ಟಿನಲ್ಲಿ ಎಫ್/16 ಎಂದರೆ ಸೆನ್ಸರಿನ ಪಾಲಿಗೆ ಹೆಚ್ಚುಕಡಿಮೆ ಎಫ್/48; ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುತ್ತದೆ. ಗಂಜಿಯಲ್ಲಿ ಅದ್ದಿ ತೆಗೆದಂಥ ಚಿತ್ರ ಬಂತು. ಈ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಒಂದು ತಿಂಗಳು ಲೆನ್ಸನ್ನೇ ಬೈದೆ. ಬೈದು ಸುಸ್ತಾಗಿ ಇನ್ನೊಂದು ಕೊಂಡೆ. ಅದೂ ಹಾಗೆಯೇ. ಆಮೇಲೆ ಹಳೆಯ ಬೆಲ್ಲೋಸ್ (ಲೆನ್ಸನ್ನು ಕ್ಯಾಮೆರಾದಿಂದ ದೂರ ಹಿಡಿಯುವ ಮಡಿಕೆ ಕೊಳವೆ) ಒಂದು ಬಂತು, ಅದರ ಮಡಿಕೆಯಲ್ಲಿ ಸೂಜಿಮೊನೆಯಷ್ಟು ತೂತು. ಪ್ರತಿ ಚಿತ್ರದ ನಡುವೆ ಬರುತ್ತಿದ್ದ ಬಿಳಿ ಮಂಕಿಗೆ ಅದೇ ಕಾರಣವೆಂದು ತಿಳಿಯುವಷ್ಟರಲ್ಲಿ ಮಾರಿದವನು ವಾಪಸು ತೆಗೆದುಕೊಳ್ಳುವ ಗಡುವು ಮುಗಿದಿತ್ತು. ಈ ಮೂರು ತಪ್ಪು ಖರೀದಿಗಳಿಗೆ ಸುರಿದ ದುಡ್ಡಿನಲ್ಲಿ ಈಗ ಕೆಲಸ ಮಾಡುತ್ತಿರುವ ಇಡೀ ಏರ್ಪಾಡನ್ನು ನಾಲ್ಕು ಸಲ ಕಟ್ಟಬಹುದಿತ್ತು.

ಈಗಿರುವುದು ಶಾಲೆಯ ಸೂಕ್ಷ್ಮದರ್ಶಕದಿಂದ ಬಿಚ್ಚಿದ ನಾಲ್ಕು ಪಟ್ಟಿನ ಆಬ್ಜೆಕ್ಟಿವ್, ಅಂದರೆ ವಸ್ತುವಿನ ಕಡೆಗಿರುವ ಲೆನ್ಸು. ಎನ್‌ಎ (ಬೆಳಕು ಹಿಡಿಯುವ ಅಳತೆ) 0.10, 160 ಮಿ.ಮೀ. ಕೊಳವೆಯ ಸೂಕ್ಷ್ಮದರ್ಶಕಕ್ಕೆಂದು ಮಾಡಿದ್ದು. ಹೊಸ ಮ್ಯಾಕ್ರೊ ಲೆನ್ಸಿನ ಬೆಲೆಯಲ್ಲಿ ಇಪ್ಪತ್ತನೇ ಒಂದು ಪಾಲೂ ಕೊಟ್ಟಿಲ್ಲ. ಆಬ್ಜೆಕ್ಟಿವಿನ ಭುಜದಿಂದ ಸೆನ್ಸರಿಗೆ 150 ಮಿ.ಮೀ. ಬರುವಂತೆ ಎಕ್ಸ್‌ಟೆನ್ಶನ್ ಟ್ಯೂಬುಗಳನ್ನು ಜೋಡಿಸಿದೆ. 160 ಅಲ್ಲ, 150. ಇಲ್ಲಿ ಎಡವುವವರು ಬಹಳ. ನಾನೂ ಎಡವಿದ್ದೆ. ಟ್ಯೂಬಿನ ಒಳಗೋಡೆ ಎಷ್ಟೇ ಕಪ್ಪಾಗಿ ಕಂಡರೂ ಬೆಳಕು ಅದಕ್ಕೆ ಬಡಿದು ಮಿಂಚುತ್ತದೆ. ಒಳಗೆ ಕಪ್ಪು ಮಕಮಲ್ಲು ಅಂಟಿಸಿದ ದಿನ ನನ್ನ ಚಿತ್ರಗಳಿಗೆ ಕಪ್ಪು ಬಣ್ಣ ಅನ್ನುವುದು ಮೊದಲ ಸಲ ಬಂತು.

ಇನ್ನು ಎಲ್ಲರೂ ನಕ್ಕ ತಿರುಪು. ಮೋಟಾರು ರೈಲ್ ಕ್ಯಾಮೆರಾವನ್ನು ತಳ್ಳುತ್ತದೆ. ನಾನು ಕ್ಯಾಮೆರಾವನ್ನು ಕಲ್ಲಿನ ಚಪ್ಪಡಿಗೆ ಬಿಗಿದು ಹುಳುವನ್ನೇ ತಳ್ಳಿದೆ. ಒಂದೂವರೆ ಕಿಲೋ ಭಾರವನ್ನು ನವಿರಾಗಿ ಸರಿಸುವುದಕ್ಕಿಂತ ತೂಕವೇ ಇಲ್ಲದ ಹುಳುವನ್ನು ಸರಿಸುವುದು ಸುಲಭವಲ್ಲವೇ? ಗುಜರಿಗೆ ಹೊರಟಿದ್ದ ಮೈಕ್ರೊಮೀಟರಿನ ತಲೆ ಸಿಕ್ಕಿತ್ತು. ಒಂದು ಸುತ್ತಿಗೆ ಅರ್ಧ ಮಿಲಿಮೀಟರು, ಸುತ್ತಿನಲ್ಲಿ 50 ಗೆರೆ, ಗೆರೆಗೆ 10 ಮೈಕ್ರಾನ್. ಈ ಆಬ್ಜೆಕ್ಟಿವಿನ ಆಳ ಸುಮಾರು 50 ಮೈಕ್ರಾನ್ ಇರಬಹುದು, ಆದ್ದರಿಂದ ಮೂರು ಗೆರೆಗೊಂದು ಚಿತ್ರ. ಪಕ್ಕದಿಂದ ತೆಗೆದರೆ ಮೀಸೆಯ ತುದಿಯಿಂದ ಆಚೆಯ ಕಾಲಿನವರೆಗೆ 2 ಮಿ.ಮೀ., ಅಂದರೆ ಎಪ್ಪತ್ತರ ಆಸುಪಾಸು ಚಿತ್ರ. ತಿರುಪನ್ನು ಯಾವಾಗಲೂ ಒಂದೇ ದಿಕ್ಕಿಗೆ ತಿರುಗಿಸಬೇಕು. ಲೆಕ್ಕ ತಪ್ಪಿ ಹಿಂದಕ್ಕೆ ತಿರುಗಿಸಿದರೆ ಆ ಸರಣಿಯನ್ನು ಬಿಟ್ಟು ಮೊದಲಿನಿಂದ ಶುರುಮಾಡುವುದೇ ವಾಸಿ.

ಅಲುಗಾಟಕ್ಕೆ ಮದ್ದು ಫ್ಲ್ಯಾಶ್. ಕೋಣೆಯನ್ನು ಕತ್ತಲು ಮಾಡಿ, 1/32 ಶಕ್ತಿಗೆ ಇಳಿಸಿದರೆ ಆ ಮಿಂಚಿನ ಅವಧಿಯಲ್ಲಿ ರೆಫ್ರಿಜರೇಟರ್ ಗುಂಯ್‌ಗುಟ್ಟಿದರೂ ಚಿಂತೆಯಿಲ್ಲ. ನನ್ನ ನಿದ್ದೆ ಕೆಡಿಸಿದ್ದು ಹೊಳಪು. ದುಂಬಿಯ ಬೆನ್ನೆಂದರೆ ಉಬ್ಬುಗನ್ನಡಿ. ಮೊದಲ ಚಿತ್ರಗಳಲ್ಲಿ ಬೆನ್ನಿನ ತುಂಬ ನನ್ನ ಎರಡು ಫ್ಲ್ಯಾಶುಗಳ ಚೌಕ ಬಿಂಬ, ನಡುವೆ ಲೆನ್ಸಿನ ಕಪ್ಪು ವೃತ್ತ. ಹುಳುವಿನ ಚಿತ್ರ ತೆಗೆಯಲು ಹೋಗಿ ನನ್ನ ಉಪಕರಣಗಳ ಚಿತ್ರ ತೆಗೆದಿದ್ದೆ. ಟ್ರೇಸಿಂಗ್ ಕಾಗದ ಸುತ್ತಿದೆ, ಥರ್ಮೋಕೋಲ್ ಲೋಟ ಕವುಚಿದೆ. ಕೊನೆಗೆ ದಕ್ಕಿದ್ದು ಅರ್ಧಕ್ಕೆ ಕತ್ತರಿಸಿದ ಟೇಬಲ್ ಟೆನಿಸ್ ಚೆಂಡು, ಅದರ ಹೊರಗೆ ಎರಡು ಬೆರಳು ಅಂತರದಲ್ಲಿ ಇನ್ನೊಂದು ಪದರ. ಆ ಎರಡನೆಯ ಪದರ ಯಾವುದರದ್ದು, ಅದರಲ್ಲಿ ತೂತು ಎಲ್ಲಿದೆ ಎಂಬುದನ್ನು ಮಾತ್ರ ಕೇಳಬೇಡಿ. ನಾಲ್ಕು ತಿಂಗಳು ಅದಕ್ಕೇ ಹೋಗಿದೆ.

ಹೊಳಪು ಕೊಲ್ಲಲು ಫ್ಲ್ಯಾಶಿಗೊಂದು, ಲೆನ್ಸಿಗೊಂದು ಅಡ್ಡ ಧ್ರುವಕಗಳನ್ನೂ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ಹಾಕಿ ನೋಡಿದ್ದೆ. ಹೊಳಪೇನೋ ಹೋಯಿತು, ದುಂಬಿ ಸುಣ್ಣದ ಗೊಂಬೆಯಾಯಿತು. ಆದರೆ ಅದೇ ಗುಂಗಿನಲ್ಲಿದ್ದಾಗ ಒಂದು ರಾತ್ರಿ ದೀಪಕ್ಕೆ ಹಸಿರು ಲೋಹದಂತೆ ಹೊಳೆಯುವ ದುಂಬಿಯೊಂದು ಬಂದು ಬಿತ್ತು. ಮೂರು ಆಯಾಮದ ಸಿನಿಮಾ ನೋಡಲು ಕೊಡುವ ಕನ್ನಡಕ ಹಾಕಿ ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಒಂದು ಕಣ್ಣಿಗೆ ಅಪ್ಪಟ ಹಸಿರು, ಇನ್ನೊಂದಕ್ಕೆ ಹೆಚ್ಚುಕಡಿಮೆ ಕಪ್ಪು! ಆ ಕನ್ನಡಕದ ಒಂದೊಂದು ಗಾಜು ಒಂದೊಂದು ಮಗ್ಗುಲಿಗೆ ತಿರುಚಿದ ಬೆಳಕನ್ನಷ್ಟೇ ಬಿಡುತ್ತದೆ. ಕೆಲವು ದುಂಬಿಗಳ ಮೈ ಬೆಳಕನ್ನು ಒಂದೇ ಮಗ್ಗುಲಿಗೆ ತಿರುಚಿ ಹಿಂದಿರುಗಿಸುತ್ತದೆ ಎಂಬುದನ್ನು 1911ರಲ್ಲೇ ಮೈಕೆಲ್ಸನ್ ಗಮನಿಸಿದ್ದರು, ಬೆಳಕಿನ ವೇಗ ಅಳೆದ ಅದೇ ಮೈಕೆಲ್ಸನ್. ಇದರಿಂದ ನನ್ನ ಮೂತಿ ಹುಳುವಿಗೆ ಕಿಂಚಿತ್ತೂ ಉಪಯೋಗವಾಗಲಿಲ್ಲ. ಒಂದು ವಾರ ಮಾತ್ರ ಮನೆಗೆ ಬಂದವರಿಗೆಲ್ಲ ಆ ಕನ್ನಡಕ ಹಾಕಿಸಿದೆ.

ಹುಳುವಿನ ವಿಷಯಕ್ಕೆ ಬರುತ್ತೇನೆ. ಫ್ರೀಜರಿನಲ್ಲಿಟ್ಟು ಮಂಕು ಮಾಡಿದರೆ ಸಾಕು ಎನ್ನುವವರ ಮಾತು ಕೇಳಿ ಕೆಟ್ಟೆ. ಹೊರಗೆ ತಂದ ಕೂಡಲೇ ಮೈಮೇಲೆಲ್ಲ ಇಬ್ಬನಿ. ಅದು ಆರಲೆಂದು ಕಾದು ಇಪ್ಪತ್ತನೆಯ ಚಿತ್ರಕ್ಕೆ ಬರುವಾಗ ಹುಳು ಎಚ್ಚರವಾಗಿ ಕಾಲು ಚಾಚಿತು. ತಂತ್ರಾಂಶ ಎಲ್ಲವನ್ನೂ ಬೆಸೆದು ಹತ್ತು ಕಾಲಿನ ಜೀವಿಯೊಂದನ್ನು ಕೊಟ್ಟಿತು. ಮೂತಿ ಹುಳು ಮುಟ್ಟಿದರೆ ಕಾಲು ಮಡಚಿ ಸತ್ತಂತೆ ನಟಿಸುತ್ತದಲ್ಲ, ಆ ನಟನೆಯನ್ನೇ ಬಳಸಿಕೊಳ್ಳೋಣವೆಂದೂ ನೋಡಿದೆ. ಎಷ್ಟು ಹೊತ್ತು ಎಂಬುದು ಅದರ ಮರ್ಜಿ. ಒಮ್ಮೆ ಒಂದು ನಿಮಿಷ, ಒಮ್ಮೆ ಐದು ಸೆಕೆಂಡು. ಎಪ್ಪತ್ತು ಚಿತ್ರಕ್ಕೆ ಒಪ್ಪುವ ನಟನಲ್ಲ.

ಈಗ ತಾವಾಗಿಯೇ ಸತ್ತು ಡಬ್ಬಿಯ ತಳದಲ್ಲಿ, ಕಿಟಕಿಯ ಸಂದಿನಲ್ಲಿ ಸಿಗುವವನ್ನೇ ಹೆಕ್ಕುತ್ತೇನೆ. ಕಿಟಕಿಯ ಬಳಿ ರತ್ನಗಂಬಳಿ ದುಂಬಿ ಸಿಕ್ಕರೆ ಬಿಡಬೇಡಿ, ಅದರ ಮೈಮೇಲಿನ ಬಣ್ಣದ ಹುರುಪೆಗಳು ಅಪರೂಪದ ನೋಟ. "ಅಕ್ಕಿಯಲ್ಲಿ ಹುಳು ಬಿದ್ದದ್ದಕ್ಕೆ ಸಂತೋಷಪಡುವವರನ್ನು ನಿಮ್ಮನ್ನೇ ನೋಡಿದ್ದು" ಎಂದು ಹೆಂಡತಿ ಹೇಳುತ್ತಲೇ ಇರುತ್ತಾಳೆ. ಒಣಗಿ ಮುದುಡಿದ ಹುಳುವನ್ನು ಒದ್ದೆ ಕಾಗದ ಹಾಕಿದ ಮುಚ್ಚಳದ ಡಬ್ಬಿಯಲ್ಲಿ ಒಂದೆರಡು ದಿನ ಇಟ್ಟರೆ ಕೀಲುಗಳು ಸಡಿಲವಾಗುತ್ತವೆ, ಕಾಲು ಮೀಸೆಗಳನ್ನು ಬೇಕಾದಂತೆ ಬಿಡಿಸಬಹುದು. ನನ್ನ ದೊಡ್ಡ ತಪ್ಪು ಇಲ್ಲೇ ಆದದ್ದು: ಬಿಡಿಸಿದ ತಕ್ಷಣ ಚಿತ್ರ ತೆಗೆಯಲು ಕೂರುತ್ತಿದ್ದೆ. ತೇವ ಆರುತ್ತಾ ಮೀಸೆ ಕೂದಲೆಳೆಯಷ್ಟು ಬಾಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೆಸೆದ ಮೇಲೆ ನೋಡಿದರೆ ಮೀಸೆಗೊಂದು ನೆರಳು ಮೀಸೆ. ಮೂರು ತಿಂಗಳು ತಿರುಪಿನದೇ ದೋಷವೆಂದುಕೊಂಡಿದ್ದೆ. ನಕ್ಕವರ ಮಾತೇ ನಿಜವಾಯಿತೇನೋ ಎಂದು ಮೋಟಾರು ರೈಲಿನ ಬೆಲೆಯನ್ನೂ ವಿಚಾರಿಸಿದ್ದೆ. ಬಿಡಿಸಿದ ಹುಳುವನ್ನು ಒಂದು ರಾತ್ರಿ ಹಾಗೆಯೇ ಆರಲು ಬಿಟ್ಟೆ, ಅಷ್ಟೇ. ಮರುದಿನ ಒಂದೇ ಮೀಸೆ.

ಧೂಳಿನ ಕಾಟ ಬೇರೆ. ಬರಿಗಣ್ಣಿಗೆ ಫಳಫಳ ಹೊಳೆಯುವ ಹುಳು ನಾಲ್ಕು ಪಟ್ಟಿನಲ್ಲಿ ಹಿಟ್ಟಿನ ಗಿರಣಿಯಿಂದ ಬಂದಂತಿರುತ್ತದೆ. ಹಲ್ಲುಕಡ್ಡಿಯ ತುದಿಗೆ ಒಂದೇ ಒಂದು ರೆಪ್ಪೆಗೂದಲು ಅಂಟಿಸಿ ಒಂದೊಂದೇ ಕಣ ತೆಗೆಯುತ್ತೇನೆ. ಚಿತ್ರಕ್ಕೆ ನಲವತ್ತು ನಿಮಿಷ, ಈ ಸ್ನಾನಕ್ಕೆ ಎರಡು ಗಂಟೆ. ಹುಳುವನ್ನು ಸೂಜಿಗೆ ಹಿಡಿಸುವ ಅಂಟಿನ ಪಾಕವೂ ನನ್ನದೇ, ಅದು ಇನ್ನೊಂದು ಸಲ.

ಚಿತ್ರಗಳನ್ನು ಬೆಸೆಯಲು ಝೆರೀನ್ ಸ್ಟ್ಯಾಕರ್ ಎಂಬ ತಂತ್ರಾಂಶ. ಡಿಮ್ಯಾಪ್, ಪಿಮ್ಯಾಕ್ಸ್ ಎಂದು ಅದರಲ್ಲಿ ಬೆಸೆಯುವ ಎರಡು ವಿಧಾನ. ಡಿಮ್ಯಾಪ್‌ನಲ್ಲಿ ಒಂದು, ಪಿಮ್ಯಾಕ್ಸ್‌ನಲ್ಲಿ ಒಂದು ಪ್ರತಿ ತೆಗೆದು, ಚಿಪ್ಪಿನ ನಯಕ್ಕೆ ಮೊದಲನೆಯದನ್ನು ಇಟ್ಟುಕೊಂಡು, ಕೂದಲುಗಳು ಒಂದರ ಮೇಲೊಂದು ಹಾಯುವ ಕಡೆ ಎರಡನೆಯದನ್ನು ಬಳಿಯುತ್ತೇನೆ.

ಮುದ್ರಿಸಿದ ಚಿತ್ರವನ್ನು ಗೋಡೆಗೆ ಹಾಕುವಾಗ ಇನ್ನೊಂದು ಕಂಡಿತು. ಹಿಂಗಾಲಿನ ಮಡಿಕೆಯಲ್ಲಿ ನಾನು ಎರಡು ಗಂಟೆ ಉಜ್ಜಿದರೂ ಬಿಡದೆ ಕೂತಿದ್ದ ಕಣವೊಂದಿತ್ತಲ್ಲ, ಅದಕ್ಕೆ ಕಾಲುಗಳಿವೆ. ಎಂಟು ಇರಬೇಕು, ಐದು ಕಾಣುತ್ತವೆ. ಒಂದು ನುಸಿ. ಅದರ ಮುಖ ನೋಡಬೇಕಾದರೆ ಹತ್ತು ಪಟ್ಟಿನ ಆಬ್ಜೆಕ್ಟಿವ್ ಬೇಕು. ಮನೆಯಲ್ಲಿ ಇನ್ನೂ ಹೇಳಿಲ್ಲ.