ಶಹಾಬಾದಿ ಕಲ್ಲಿನ ಮನೆಗೆ ನಾಯಿಮರಿ ಬಂದಾಗ

ಪಡಸಾಲೆಯಲ್ಲಿ ಬೇಡ, ಅಡುಗೆ ಮನೆಯಲ್ಲಿ ಬೇಡ, ದೇವರ ಕೋಣೆಯ ಮುಂದಂತೂ ಬೇಡವೇ ಬೇಡ ಎಂದು ಗದರುತ್ತ ಹೋದರೆ ನಾಯಿಮರಿ ಏನು ಮಾಡಬೇಕು? ಮನೆಯಲ್ಲಿ ಮೂಲೆಗಳಿಗೇನು ಬರವೇ, ಮತ್ತೊಂದನ್ನು ಹುಡುಕಿಕೊಳ್ಳುತ್ತದೆ. ‘ಇಲ್ಲಿ ಮಾಡಬೇಡ’ ಎಂಬುದು ಅದರ ತಲೆಗೆ ಹೋಗುವ ಮಾತಲ್ಲ. ‘ಇಲ್ಲಿ ಮಾಡು’ ಎಂದು ತೋರಿಸಿಕೊಟ್ಟರೆ ಬಲು ಬೇಗ ಕಲಿಯುತ್ತದೆ. ಆದ್ದರಿಂದ ಮರಿಯನ್ನು ಮನೆಗೆ ತರುವ ಮುನ್ನವೇ ಅದರ ಒಂದಕ್ಕೆ, ಎರಡಕ್ಕೆ ಒಂದು ಜಾಗ ಗೊತ್ತುಮಾಡಿಕೊಳ್ಳಬೇಕು. ಮುಂದಿನದೆಲ್ಲ ಆ ಜಾಗಕ್ಕೆ ಮರಿಯನ್ನು ಹೊತ್ತಿಗೆ ಸರಿಯಾಗಿ ತಲುಪಿಸುವ ಕೆಲಸ.

ಜಾಗ ಗೊತ್ತುಮಾಡುವುದು

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮೊದಲು ನೋಡಬೇಕಾದದ್ದು ನೆರಳು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಅಂಗಳದ ಬಂಡೆ ಕಾದ ಹಂಚಿನಂತಾಗುತ್ತದೆ. ನಿಮ್ಮ ಕೈಯ ಹಿಂಭಾಗವನ್ನು ಐದಾರು ಸೆಕೆಂಡು ಇಡಲಾಗದ ನೆಲದ ಮೇಲೆ ಮರಿಯನ್ನು ನಿಲ್ಲಿಸಬಾರದು. ಬೆಳಿಗ್ಗೆ ಸರಿಯಾಗಿ ಹೊರಗೆ ಹೋಗಿ ಬಂದ ಮರಿ ಮಧ್ಯಾಹ್ನ ಹೊಸ್ತಿಲಿನಿಂದಲೇ ಹಿಂತಿರುಗಿ ಪಡಸಾಲೆಯಲ್ಲಿ ಉಚ್ಚೆ ಹೊಯ್ದರೆ ಹಟಮಾರಿ ಎಂದು ಬೈಯುವ ಮೊದಲು ಹೊರಗಿನ ನೆಲ ಮುಟ್ಟಿ ನೋಡಿ. ಬೇವಿನ ಮರದ ಬುಡ ಇದ್ದರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲದಿದ್ದರೆ ನಡು ಮಧ್ಯಾಹ್ನವೂ ಬಿಸಿಲು ಬೀಳದ ಹಿತ್ತಲಿನ ಒಂದು ಮೂಲೆ ಸಾಕು.

ಹಿತ್ತಲೇ ಇಲ್ಲದವರು ಅಗಲವಾದ ಪ್ಲಾಸ್ಟಿಕ್ ಟ್ರೇಗೆ ಎರಡು ಮೂರು ಇಂಚು ಮರಳು ಅಥವಾ ಕೆಂಪು ಮಣ್ಣು ತುಂಬಿ ಬಚ್ಚಲಿನ ಹತ್ತಿರ ಇಡಬಹುದು. ಎರೆ ಮಣ್ಣು ಬೇಡ. ಒದ್ದೆಯಾದರೆ ಪಾದಕ್ಕೆ ಮೆತ್ತಿಕೊಂಡು ಮನೆಯ ತುಂಬ ಹೆಜ್ಜೆ ಮೂಡುತ್ತದೆ.

ಮಾಳಿಗೆಯನ್ನು ಆರಿಸುವವರು ಬೇಸಿಗೆಯನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗುವುದೂ ಅಲ್ಲೇ, ಸೆಕೆಗೆ ಮನೆಮಂದಿ ಹಾಸಿಗೆ ಹೊತ್ತು ಮಲಗಲು ಹೋಗುವುದೂ ಅಲ್ಲಿಗೇ. ಚಳಿಗಾಲದಲ್ಲಿ ‘ಭೇಷ್’ ಎಂದು ಬೆನ್ನು ತಟ್ಟಿಸಿಕೊಂಡ ಜಾಗದಲ್ಲಿ ಮಾರ್ಚ್ ಬರುತ್ತಲೇ ಏಕೆ ಬೈಗುಳ ಎಂಬುದು ಯಾವ ಮರಿಗೂ ತಿಳಿಯುವುದಿಲ್ಲ.

ಬೀದಿಯ ಮಾತು ಬೇರೆ. ಲಸಿಕೆ ಪೂರ್ತಿಯಾಗದ ಮರಿಯನ್ನು ಬೀದಿನಾಯಿಗಳು ಓಡಾಡುವ ಜಾಗಕ್ಕೆ ಇಳಿಸಲೇಬಾರದು. ಮರಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೊ ಎಂಬ ವೈರಾಣು, ಕಾಯಿಲೆ ಬಿದ್ದ ನಾಯಿಯ ಮಲದಿಂದ ಹರಡುತ್ತದೆ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿದಿರುತ್ತದೆ. ಈ ಲಸಿಕೆ 6ರಿಂದ 8 ವಾರದ ವಯಸ್ಸಿನಲ್ಲಿ ಶುರುವಾಗಿ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ನಡೆಯುತ್ತದೆ. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಬೇಕು. ಈ ಲಸಿಕೆಗಳೆಲ್ಲ ಮುಗಿಯುವವರೆಗೆ ನಿಮ್ಮದೇ ಕಾಂಪೌಂಡಿನ ಒಳಗೆ ಕಲಿಸಿ. ಪಕ್ಕದ ಮನೆಯವರು ಬೆಳಿಗ್ಗೆ ನೀರು ಚಿಮುಕಿಸಿ ಹಾಕಿದ ರಂಗೋಲಿಯೂ ಉಳಿಯುತ್ತದೆ.

ಹಳೆಯ ಪತ್ರಿಕೆ ಹಾಸಿ ಕಲಿಸುವ ರೂಢಿಯೂ ಇದೆ. ಅನಿವಾರ್ಯವಾದರೆ ಮಾಡಿ, ಆದರೆ ಒಂದು ತೊಡಕುಂಟು. ಎರಡು ತಿಂಗಳು ತುಂಬುವ ಹೊತ್ತಿಗೆ ಪಾದದ ಕೆಳಗಿನ ನೆಲ ಎಂಥದ್ದು ಎಂಬುದರ ಮೇಲೆ ಮರಿಯ ಅಭ್ಯಾಸ ಕೂರತೊಡಗುತ್ತದೆ. ಮಣ್ಣಿನ ಮೇಲೆ ಕಲಿತದ್ದು ಮಣ್ಣನ್ನು ಹುಡುಕುತ್ತದೆ, ಕಾಗದದ ಮೇಲೆ ಕಲಿತದ್ದು ಕಾಗದವನ್ನು. ಭಾನುವಾರ ನೆಲದ ಮೇಲೆ ಹರಡಿಕೊಂಡು ಓದುವ ಪುರವಣಿಗೆ ಅದು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ.

ಮರಿಯ ವಯಸ್ಸು

ಹುಟ್ಟಿದ ಮೊದಲ ವಾರಗಳಲ್ಲಿ ತಾಯಿ ನೆಕ್ಕಿದರೆ ಮಾತ್ರ ಮರಿಗೆ ಮಲಮೂತ್ರ ಬರುತ್ತದೆ. ಮೂರು ವಾರ ಕಳೆದ ಮೇಲೆ ಅದು ತಾನಾಗಿಯೇ ಮಲಗುವ ಜಾಗ ಬಿಟ್ಟು ದೂರ ಸರಿದು ಮುಗಿಸಿ ಬರಲು ಕಲಿಯುತ್ತದೆ. ಈ ಪಾಠ ತಾಯಿಯ ಹತ್ತಿರವೇ ಆಗಬೇಕು. ತಿಂಗಳು ತುಂಬುತ್ತಲೇ ಬುಟ್ಟಿಯಲ್ಲಿಟ್ಟು ತಂದ ಮರಿ ತಾನು ಮಲಗಿದಲ್ಲೇ ಹೊಲಸು ಮಾಡಿಕೊಳ್ಳಲು ಇದೂ ಒಂದು ಕಾರಣ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು ಕೇಂದ್ರ ಸರ್ಕಾರದ 2017ರ ನಿಯಮವೂ ಹೇಳುತ್ತದೆ.

ಹೊತ್ತು ನೋಡಿ ಹೊರಗೆ

ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ. ಸುಮಾರಾಗಿ ಅಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದು. ಎರಡು ತಿಂಗಳ ಮರಿಗೆ ಮೂರು ಗಂಟೆ. ಇದು ಮೇಲ್ಮಿತಿ, ಅದೂ ಮಲಗಿದ್ದಾಗ. ಎಚ್ಚರವಿದ್ದು ಕುಣಿದಾಡುವಾಗ ಗಂಟೆಗೊಮ್ಮೆ ಕರೆದೊಯ್ಯಬೇಕಾಗುತ್ತದೆ. ಅದರ ಜೊತೆಗೆ ನಿದ್ದೆಯಿಂದ ಎದ್ದ ಕೂಡಲೇ, ಆಟ ನಿಂತ ಕೂಡಲೇ, ನೀರು ಕುಡಿದ ಸ್ವಲ್ಪ ಹೊತ್ತಿಗೆ ಮತ್ತು ಉಂಡ ಹತ್ತರಿಂದ ಮೂವತ್ತು ನಿಮಿಷದೊಳಗೆ ಹೊರಗೆ ಹೋಗಲೇಬೇಕು. ಹೊಟ್ಟೆಗೆ ಅನ್ನ ಬಿದ್ದೊಡನೆ ಕರುಳು ಕದಲುತ್ತದೆ. ಹೀಗಾಗಿ ಊಟದ ಹೊತ್ತು ನಿಗದಿಯಾಗಿದ್ದರೆ ಎರಡಕ್ಕೆ ಹೋಗುವ ಹೊತ್ತೂ ತಾನಾಗಿ ನಿಗದಿಯಾಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ, ಗೊತ್ತಾದ ಹೊತ್ತಿಗೆ ಹಾಕಿ, ತಟ್ಟೆ ಎತ್ತಿಬಿಡಿ. ದಿನವಿಡೀ ತಟ್ಟೆ ತುಂಬಿಟ್ಟರೆ ಲೆಕ್ಕ ಸಿಗುವುದಿಲ್ಲ.

ನೀರಿಗೆ ಮಾತ್ರ ಈ ಲೆಕ್ಕ ಬೇಡ. ಉಚ್ಚೆ ಕಡಿಮೆಯಾಗಲೆಂದು ನೀರಿನ ಬಟ್ಟಲು ಎತ್ತಿಡುವವರಿದ್ದಾರೆ. ನಮ್ಮ ಬಿಸಿಲಿನಲ್ಲಿ ಅದು ಮರಿಯ ಜೀವಕ್ಕೇ ಕುತ್ತು. ಬೇಸಿಗೆಯಲ್ಲಿ ಹೆಚ್ಚು ಕುಡಿಯುತ್ತದೆ, ಹೆಚ್ಚು ಸಲ ಹೊರಗೆ ಕರೆದೊಯ್ಯಿರಿ. ಅದಕ್ಕೆ ಬೇರೆ ದಾರಿಯಿಲ್ಲ.

ಹಾಲಿನ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಎಮ್ಮೆ ಹಾಲು, ಆಕಳ ಹಾಲು ಎಷ್ಟೋ ಮರಿಗಳಿಗೆ ಅರಗುವುದಿಲ್ಲ, ಭೇದಿಯಾಗುತ್ತದೆ. ಭೇದಿಯಾಗುತ್ತಿರುವ ಮರಿಗೆ ಶಿಸ್ತು ಕಲಿಸಲು ಹೊರಡುವುದು ವ್ಯರ್ಥ ಪ್ರಯಾಸ. ಹಾಲು ನಿಲ್ಲಿಸಿ, ಜಂತುಹುಳುವಿನ ಔಷಧ ಹಾಕಿಸಿ, ಹೊಟ್ಟೆ ಸರಿಯಾದ ಮೇಲೆ ಪಾಠ ಶುರುಮಾಡಿ.

ಹೊರಗೆ ಹೋದ ಮೇಲೆ

ಕುತ್ತಿಗೆಗೆ ಬೆಲ್ಟ್ ಹಾಕಿ, ಹಗ್ಗ ಹಿಡಿದು ಗೊತ್ತಾದ ಜಾಗಕ್ಕೆ ಹೋಗಿ ಸುಮ್ಮನೆ ನಿಲ್ಲಿ. ಆಡಿಸಬೇಡಿ, ಮೊಬೈಲ್ ತೆಗೆಯಬೇಡಿ. ಮರಿ ನೆಲ ಮೂಸುತ್ತ ಸುತ್ತು ಹಾಕತೊಡಗಿದರೆ ಒಂದು ಪದ ಹೇಳಿ. ಯಾವ ಪದವಾದರೂ ಆದೀತು, ಮನೆಯವರೆಲ್ಲ ಅದನ್ನೇ ಹೇಳಬೇಕು. ಅಜ್ಜಿ ತೆಲುಗಿನಲ್ಲಿ, ಅಪ್ಪ ಕನ್ನಡದಲ್ಲಿ, ಮಕ್ಕಳು ಇಂಗ್ಲಿಷಿನಲ್ಲಿ ಹೇಳುವ ಬಳ್ಳಾರಿಯ ಮನೆಗಳಲ್ಲಿ ಇದಕ್ಕೊಂದು ಪಂಚಾಯಿತಿ ಮಾಡಿಕೊಳ್ಳುವುದು ಲೇಸು.

ಮುಗಿದ ಎರಡು ಮೂರು ಸೆಕೆಂಡಿನೊಳಗೆ, ಅಲ್ಲೇ, ಬಾಯಿಗೆ ಒಂದು ತಿನಿಸು ಇಡಿ. ಒಳಗೆ ಬಂದು ಡಬ್ಬಿ ತೆರೆದು ಕೊಟ್ಟರೆ ಒಳಗೆ ಬಂದದ್ದಕ್ಕೇ ಬಹುಮಾನ ಎಂದು ತಿಳಿಯುತ್ತದೆ. ಬೇಯಿಸಿದ ಮೊಟ್ಟೆಯ ಚೂರು ಆಗಬಹುದು, ಖಡಕ್ ರೊಟ್ಟಿಯ ಚೂರೂ ಆಗಬಹುದು. ಒಣದ್ರಾಕ್ಷಿ ಮಾತ್ರ ಬೇಡ. ದ್ರಾಕ್ಷಿ ಹಸಿಯಿರಲಿ ಒಣಗಿರಲಿ ನಾಯಿಯ ಮೂತ್ರಪಿಂಡಕ್ಕೆ ವಿಷ.

ಐದು ಹತ್ತು ನಿಮಿಷ ನಿಂತರೂ ಏನೂ ಆಗಲಿಲ್ಲವೆಂದರೆ ಒಳಗೆ ಕರೆತನ್ನಿ, ಆದರೆ ಬಿಡಬೇಡಿ. ಹಗ್ಗವನ್ನು ನಿಮ್ಮ ಸೊಂಟಕ್ಕೋ ಕುರ್ಚಿಗೋ ಕಟ್ಟಿಕೊಂಡು ಕಣ್ಣೆದುರೇ ಇರಿಸಿಕೊಳ್ಳಿ. ಕಾಲು ಗಂಟೆ ಬಿಟ್ಟು ಮತ್ತೆ ಹೊರಗೆ ಹೋಗಿ. ಅಲೆದಾಡಲು ಇಡೀ ಮನೆಯನ್ನು ಬಿಟ್ಟುಕೊಡುವುದು ಕಲಿತ ಮೇಲಿನ ಮಾತು. ಮೊದಲ ವಾರಗಳಲ್ಲಿ ಒಂದು ಕೋಣೆ ಸಾಕು. ಮೆತ್ತನೆಯ ಕೌದಿ, ಕಾಲೊರೆಸುವ ಚಾಪೆ ಕಂಡರೆ ಮರಿಗಳಿಗೆ ಉಚ್ಚೆ ಹೊಯ್ಯುವ ಮನಸ್ಸಾಗುತ್ತದೆ, ಅವನ್ನು ಮೇಲೆತ್ತಿಡಿ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಂಥ ದಿನಗಳಲ್ಲಿ ಮನೆ ತುಂಬ ನೆಂಟರಿದ್ದು, ಬಂದವರೆಲ್ಲ ಮರಿಗೆ ಒಂದೊಂದು ತುತ್ತು ಮಾದಲಿ ತಿನ್ನಿಸಿದರೆ ವಾರದ ಶ್ರಮ ನೀರುಪಾಲು.

ಒಳಗೇ ಆಗಿಬಿಟ್ಟರೆ

ಮಾಡುತ್ತಿರುವಾಗಲೇ ಕಂಡರೆ ಚಪ್ಪಾಳೆ ತಟ್ಟಿ ಗಮನ ತಪ್ಪಿಸಿ, ಎತ್ತಿಕೊಂಡು ಹೊರಗೆ ಹೋಗಿ. ಮಾಡಿ ಮುಗಿಸಿದ್ದು ಆಮೇಲೆ ಕಂಡರೆ ಬಟ್ಟೆ ತಂದು ಒರೆಸಿ, ಮಾತೇ ಬೇಡ. ಮೂತಿಯನ್ನು ಉಚ್ಚೆಗೆ ಉಜ್ಜುವುದು, ಹೊಡೆಯುವುದು ನಿಷ್ಪ್ರಯೋಜಕ. ನಿಮ್ಮೆದುರು ಮಾಡುವುದೇ ತಪ್ಪು ಎಂದು ತಿಳಿದ ಮರಿ ಮಂಚದ ಅಡಿ, ಜೋಳದ ಚೀಲದ ಹಿಂದೆ ಹೋಗಿ ಮಾಡುತ್ತದೆ. ಹೊರಗೆ ನೀವು ಹಗ್ಗ ಹಿಡಿದು ನಿಂತಾಗಲೂ ಅಂಜಿ ಮಾಡುವುದಿಲ್ಲ. ‘ತಪ್ಪು ಮಾಡಿದ್ದು ಅದಕ್ಕೆ ಗೊತ್ತು, ಮುಖ ನೋಡಿ’ ಎನ್ನುವವರಿಗೆ ಒಂದು ಉತ್ತರವಿದೆ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಪ್ಪು ಮಾಡಿರಲಿ ಬಿಡಲಿ, ಒಡೆಯ ಗದರಿದಾಗಲೇ ನಾಯಿಗಳ ಮುಖ ಹಾಗೆ ಇಳಿಯುತ್ತಿತ್ತು.

ಒರೆಸುವ ಕೆಲಸದಲ್ಲೇ ಹೆಚ್ಚಿನವರು ಎಡವುವುದು. ಶಹಾಬಾದಿ ಬಂಡೆಯ ಮೈಯಲ್ಲಿ, ಅದಕ್ಕಿಂತ ಹೆಚ್ಚಾಗಿ ಬಂಡೆಗಳ ನಡುವಿನ ಸಂದಿನಲ್ಲಿ ಉಚ್ಚೆ ಇಂಗುತ್ತದೆ. ನಮ್ಮ ಮೂಗಿಗೆ ವಾಸನೆ ಹೋದರೂ ಮರಿಯ ಮೂಗಿಗೆ ಅದು ‘ಇಲ್ಲಿ ಮಾಡು’ ಎಂಬ ಫಲಕವೇ. ಒಂದು ಬಕೆಟ್ ನೀರು ಸುರಿದರೆ ಅದು ಇನ್ನಷ್ಟು ಸಂದುಗಳಿಗೆ ಹರಡುತ್ತದೆ. ನಲ್ಲಿ ನೀರಿಗೆ ದಿನ ಎಣಿಸುವ ಬಡಾವಣೆಗಳಲ್ಲಿ ಅಷ್ಟು ನೀರಾದರೂ ಎಲ್ಲಿಯದು! ಮೊದಲು ಒಣ ಬಟ್ಟೆಯಿಂದ ಒತ್ತಿ ಹೀರಿಸಿ. ಆಮೇಲೆ ಸಾಬೂನು ಪುಡಿಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸಂದನ್ನು ಹಳೆಯ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ, ಮರಿ ನೆಕ್ಕದಂತೆ ಮೇಲೊಂದು ಬುಟ್ಟಿ ಬೋರಲು ಹಾಕಿ, ಮರುದಿನ ಗುಡಿಸಿ. ನಾಯಿ ಸಾಮಗ್ರಿಗಳ ಅಂಗಡಿಯಲ್ಲಿ ಸಿಗುವ ಎಂಜೈಮ್ ದ್ರಾವಣ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ವಿನೆಗರ್ ಹಾಕಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಟೈಲ್ಸ್ ಮನೆಗೆ ಸರಿ. ಶಹಾಬಾದಿ, ಕಡಪ ಎರಡೂ ಸುಣ್ಣದ ಕಲ್ಲುಗಳು, ಹುಳಿ ಬಿದ್ದರೆ ಹೊಳಪು ಹೋಗಿ ಮೈ ಒರಟಾಗುತ್ತದೆ. ಒರಟಾದ ಕಲ್ಲು ಉಚ್ಚೆಯನ್ನು ಇನ್ನೂ ಹೆಚ್ಚು ಹೀರುತ್ತದೆ. ಫಿನಾಯಿಲ್ ವಾಸನೆಯನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ, ಮರಿ ನೆಕ್ಕಿದರೆ ಅಪಾಯ. ಅಮೋನಿಯ ಇರುವ ದ್ರಾವಣಗಳಿಗಂತೂ ಉಚ್ಚೆಯದೇ ವಾಸನೆ. ಕೌದಿಯ ವಿಷಯದಲ್ಲಿ ನಾವು ಪುಣ್ಯವಂತರು: ತೊಳೆದು ರಾಯಚೂರಿನ ಬಿಸಿಲಿಗೆ ಹಾಕಿದರೆ ಸಂಜೆಯೊಳಗೆ ಗರಿಗರಿ.

ರಾತ್ರಿ

ಮಲಗುವ ಮುನ್ನ ಕೊನೆಯ ಸಲ ಹೊರಗೆ. ಮರಿಯ ಗೂಡು ಎದ್ದು ನಿಂತು, ತಿರುಗಿ, ಮಲಗುವಷ್ಟೇ ದೊಡ್ಡದಿರಲಿ. ಹೆಚ್ಚು ದೊಡ್ಡದಾದರೆ ಒಂದು ಮೂಲೆಯನ್ನು ಪಾಯಿಖಾನೆ ಮಾಡಿಕೊಳ್ಳುತ್ತದೆ. ಗಾಳಿಯಾಡದ ತಗಡಿನ ಡಬ್ಬ ನಮ್ಮ ಕಡೆ ಸಲ್ಲದು. ನಿಮ್ಮ ಮಂಚದ ಪಕ್ಕದಲ್ಲೇ ಇಡಿ, ಕುಂಯ್‌ಗುಟ್ಟಿದರೆ ಕೇಳಿಸಬೇಕು. ಎರಡು ತಿಂಗಳ ಮರಿಗೆ ರಾತ್ರಿ ಒಂದೆರಡು ಸಲ ಏಳಬೇಕಾಗುತ್ತದೆ. ಮಾತು, ಮುದ್ದು ಯಾವುದೂ ಇಲ್ಲದೆ ಕರೆದೊಯ್ದು ಕರೆತನ್ನಿ. ಇಲ್ಲವಾದರೆ ನಡುರಾತ್ರಿ ಆಟಕ್ಕೆಂದೇ ಎಬ್ಬಿಸತೊಡಗುತ್ತದೆ.

ಎಷ್ಟು ದಿನ?

ಮೂತ್ರದ ಹಿಡಿತ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳಿಗೆ ಬರುತ್ತದೆ. ಸಣ್ಣ ತಳಿಗಳಿಗೆ ಇನ್ನೂ ಸ್ವಲ್ಪ ತಡ. ಯಾರಾದರೂ ಬಾಗಿ ತಲೆ ಮುಟ್ಟಿದಾಗ ಮೈ ಮುದುಡಿ ನಾಲ್ಕು ಹನಿ ಬಿಡುವುದು ಭಯಕ್ಕೆ. ಅಂಥ ಮರಿಯನ್ನು ಪಕ್ಕದಲ್ಲಿ ಕುಳಿತು ಮಾತಾಡಿಸಿ, ಬೈದರೆ ಹೆಚ್ಚಾಗುತ್ತದೆ. ಚೆನ್ನಾಗಿ ಕಲಿತಿದ್ದ ಮರಿ ಒಮ್ಮೆಲೇ ಗಳಿಗೆಗೊಮ್ಮೆ ಹನಿ ಹನಿಯಾಗಿ ಹೊಯ್ಯುತ್ತಿದ್ದರೆ, ರಕ್ತ ಕಂಡರೆ, ಪಶು ವೈದ್ಯರಿಗೆ ತೋರಿಸಿ; ಮೂತ್ರನಾಳದ ಸೋಂಕಿರಬಹುದು.

ಹಿತ್ತಲಿನಲ್ಲಿ ಬಿದ್ದ ಮಲವನ್ನು ಅಂದಂದೇ ಎತ್ತಬೇಕು. ಅದರಲ್ಲಿನ ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಆಡುವ ಮಕ್ಕಳ ಹೊಟ್ಟೆ ಸೇರುತ್ತವೆ. ಮೇಲೆ ಒಲೆಯ ಬೂದಿ ಉದುರಿಸಿದರೆ ಎತ್ತುವುದು ಸುಲಭ.

ನಿಮ್ಮ ಮನೆಯಲ್ಲಿ ಕಲಿತ ಮರಿ ನೆಂಟರ ಮನೆಯಲ್ಲೂ ಕಲಿತಿರುತ್ತದೆ ಎಂದು ನಂಬಿ ಹೋಗಬೇಡಿ. ಅಲ್ಲಿನ ನೆಲ ಹೊಸದು, ಬಾಗಿಲು ಹೊಸದು. ಹೋದ ಕೂಡಲೇ ಒಳಗೆ ಬಿಡದೆ ಅವರ ಅಂಗಳದಲ್ಲಿ ಹಗ್ಗ ಹಿಡಿದು ಹತ್ತು ನಿಮಿಷ ನಿಲ್ಲಿ, ಆ ಎರಡು ಮೂರು ದಿನ ಮೊದಲಿನಂತೆ ಗಂಟೆಗೊಮ್ಮೆ ಹೊರಗೆ ಕರೆದೊಯ್ಯಿರಿ. ಹೊರಡುವ ಮುನ್ನ ಒಂದು ಫೋನ್ ಮಾಡಿ, ಪಡಸಾಲೆಯಲ್ಲಿ ಹಾಸಿರುವ ಕೌದಿ ಎತ್ತಿಡಲು ಹೇಳಿ.