ಸೀರೆ ಮಾರುತ್ತಾ ಕಲಿತ ಗ್ರಾಹಕ ಕಾನೂನು

ಚಿತ್ರದುರ್ಗದ ಪಿಯು ಕಾಲೇಜೊಂದರಲ್ಲಿ ವ್ಯವಹಾರ ಅಧ್ಯಯನ ಹೇಳಿಕೊಡುತ್ತೇನೆ. ಗ್ರಾಹಕರ ಹಕ್ಕುಗಳನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಬರೆದುಕೊಂಡು ಪರೀಕ್ಷೆಯಲ್ಲಿ ಒಪ್ಪಿಸುತ್ತಾರೆ, ಅಷ್ಟೇ. ಅದಕ್ಕೇ ಈಗ ಅವರಿಗೆ ಮೊದಲು ಅಂಗಡಿ ಹಾಕಿಕೊಡುತ್ತೇನೆ, ಹಾಳೆಯ ಮೇಲೆ.

ಗುಂಪಿಗೊಂದು ಸರಕು: ಮೊಳಕಾಲ್ಮೂರು ಸೀರೆ, ಚಳ್ಳಕೆರೆ ಕಡೆಯ ಕಂಬಳಿ, ಮನೆಯಲ್ಲಿ ಬಿದ್ದಿರುವ ಹಳೇ ಸೈಕಲ್. ಆನ್‌ಲೈನಿನಲ್ಲಿ ಮಾರಲು ಹಾಕುವಂತೆಯೇ ವಿವರ, ಬೆಲೆ, ವಾಪಸಾತಿ ಷರತ್ತು ಬರೆಯಬೇಕು.

ಸೀರೆಯವರು 'ಅಪ್ಪಟ ಮೊಳಕಾಲ್ಮೂರು ರೇಷ್ಮೆ' ಅಂತಲೇ ಶುರುಮಾಡಿದರು. "ಸೂರತ್‌ನಿಂದ ತರಿಸಿದ್ದಕ್ಕೂ ಹೀಗೇ ಬರೀತೀರಾ?" ಎಂದೆ. ಮೊಳಕಾಲ್ಮೂರು ಸೀರೆಗೆ ಜಿಐ ಮಾನ್ಯತೆ ಇದೆ, ಅಂದರೆ ಆ ಕಡೆ ತಯಾರಾದ ಸೀರೆಗಷ್ಟೇ ಆ ಹೆಸರು ಎಂಬ ಭೌಗೋಳಿಕ ಗುರುತು. ಬೇರೆ ಊರಿನ ಸೀರೆಗೆ ಆ ಹೆಸರು ಹಚ್ಚಿದರೆ ಜೈಲು ಶಿಕ್ಷೆಯೂ ಆಗಬಹುದು. ಹಿಂದಿನ ಬೆಂಚಿನಿಂದ ಇನ್ನೊಂದು ಉಪಾಯ ಬಂತು: "ಮೇಡಂ, ಫ್ರೆಂಡ್ಸ್ ಹತ್ರ ಫೈವ್ ಸ್ಟಾರ್ ಹಾಕಿಸಿದ್ರೆ?" 2020ರ ಇ-ಕಾಮರ್ಸ್ ನಿಯಮ ತೆಗೆದೆ. ಮಾರುವವರು ಗ್ರಾಹಕರ ವೇಷ ಹಾಕಿ ತಮ್ಮ ಸರಕಿಗೆ ತಾವೇ ವಿಮರ್ಶೆ ಬರೆಯುವಂತಿಲ್ಲ. ದೋಷವಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ, ವಾಪಸ್ ತೆಗೆದುಕೊಳ್ಳಲ್ಲ ಅನ್ನುವಂತಿಲ್ಲ. 'ಒಮ್ಮೆ ಮಾರಿದ ಮಾಲು ವಾಪಸ್ ಇಲ್ಲ' ಎಂದು ದಪ್ಪಕ್ಷರದಲ್ಲಿ ಬರೆದಿದ್ದ ಕಂಬಳಿಯವರು ಅದನ್ನು ತಾವೇ ಹೊಡೆದುಹಾಕಿದರು. ನಾನು ಬರೀ ಉಪದೇಶ ಮಾಡಿದ್ದರೆ ಹೀಗಾಗುತ್ತಿರಲಿಲ್ಲ.

ಸೈಕಲ್ ಬೇರೆ ಕಥೆ. ಸ್ವಂತ ಹಳೇ ವಸ್ತುವನ್ನು ಎಂದೋ ಒಮ್ಮೆ ಮಾರುವವರಿಗೆ ಈ ನಿಯಮ ತಾಗುವುದಿಲ್ಲ. ಆದರೆ ಮೋಸ ಹೋಗುವವರು ಇವರೇ. 'ಮುಂಗಡ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ' ಎಂಬ ಸಂದೇಶವನ್ನು ಕೊಳ್ಳುವವರ ಹೆಸರಿನಲ್ಲಿ ನಾನೇ ಬರೆದು ಕೊಟ್ಟೆ. ಹೆಚ್ಚಿನವರಿಗೆ ಅನುಮಾನವೇ ಬರಲಿಲ್ಲ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹೋಗುವುದು ನಮ್ಮದೇ ದುಡ್ಡು. ಇದೊಂದನ್ನು ಮಾತ್ರ ತರಗತಿಯೆಲ್ಲ ಜೋರಾಗಿ ಹೇಳುವಂತೆ ಮಾಡಿದೆ.

ವಯಸ್ಸಿನ ಮಾತೂ ಬರುತ್ತದೆ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರಿಗೆ 1872ರ ಕರಾರು ಕಾಯ್ದೆಯಲ್ಲಿ ಬೆಲೆ ಇಲ್ಲ. "ಹಂಗಾದ್ರೆ ನಾವು ತಗೊಂಡು ದುಡ್ಡು ಕೊಡದಿದ್ರೂ ನಡೀತದಾ?" ಎಂದ ಒಬ್ಬ. ಹುಡುಗ ವಕೀಲನಾಗಲು ಲಾಯಕ್ಕು! ವಯಸ್ಸು ಸುಳ್ಳು ಹೇಳಿ ಪಡೆದ ವಸ್ತುವನ್ನು ಹಿಂದಿರುಗಿಸಲು ಕೋರ್ಟ್ ಹೇಳಬಹುದು ಎಂದ ಮೇಲೆ ಕೂತ.

ಕೊನೆಗೆ ಪಾತ್ರ ಬದಲು. ಸೀರೆಯವರು ಗ್ರಾಹಕರಾಗಿ ಕಂಬಳಿಯವರ ಮೇಲೆ ದೂರು ಬರೆಯಬೇಕು. ಆರ್ಡರ್ ಸಂಖ್ಯೆ, ದಿನಾಂಕ, ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್ ಇಲ್ಲದ ದೂರನ್ನು ವಾಪಸ್ ಕೊಡುತ್ತೇನೆ. ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾರಿದವನು ದಿಲ್ಲಿಯಲ್ಲಿದ್ದರೂ ನಾವು ವಾಸವಿರುವ ಚಿತ್ರದುರ್ಗದಲ್ಲೇ ದೂರು ಕೊಡಬಹುದು. ಖಾತೆಯಿಂದ ದುಡ್ಡೇ ಹೋಗಿದ್ದರೆ ಮಾತ್ರ ದೂರು ಬರೆಯುತ್ತಾ ಕೂರಬಾರದು, ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಬೇಗ ತಿಳಿಸಿದಷ್ಟೂ ಆ ಹಣ ಕೈದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.